ಹವಾಮಾನದ ಚಿಂತೆಯನ್ನು ಒಬ್ಬರೇ ಹೊರಬೇಡಿ

ಎಲ್ಲರಿಗೂ ನಮಸ್ಕಾರ.

ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂದು ವಿವರಿಸಲು ನಾನು ಬಂದಿಲ್ಲ. ಅದು ನಿಮಗೆ ಗೊತ್ತು. ಗೊತ್ತಿರುವುದರಿಂದಲೇ ನಿಮ್ಮಲ್ಲಿ ಕೆಲವರಿಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಇವತ್ತಿನ ಮಾತು ಆ ನಿದ್ದೆಗೆಟ್ಟವರಿಗಾಗಿ.

2021ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. 10 ದೇಶಗಳ 10,000 ಮಂದಿಯನ್ನು ಪ್ರಶ್ನೆ ಕೇಳಿದ್ದರು. ಎಲ್ಲರೂ 16ರಿಂದ 25 ವರ್ಷದೊಳಗಿನವರು. ಹವಾಮಾನ ಬದಲಾವಣೆಯ ಬಗ್ಗೆ ತುಂಬಾ ಚಿಂತೆಯಾಗಿದೆ ಎಂದವರು ಶೇ 59. ಶೇ 45ಕ್ಕೂ ಹೆಚ್ಚು ಮಂದಿಗೆ ಆ ಚಿಂತೆ ದಿನನಿತ್ಯದ ಬದುಕಿಗೇ ಅಡ್ಡ ಬರುತ್ತಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಸರ್ಕಾರಗಳು ನಮ್ಮ ಕೈಬಿಟ್ಟಿವೆ ಎಂದು ಅನ್ನಿಸಿದವರಲ್ಲಿ ಸಂಕಟವೂ ಜಾಸ್ತಿ ಇತ್ತು. ಬಿಸಿಲು, ಪ್ರವಾಹಗಳ ಭಯದ ಜೊತೆಗೆ, ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಿಲ್ಲವಲ್ಲ ಎಂಬ ಸಿಟ್ಟೂ ಸೇರಿಕೊಂಡಿದೆ.

ಹಾಗಾಗಿ ‘ಸುಮ್ನೆ ಯೋಚನೆ ಮಾಡಬೇಡ, ಎಲ್ಲ ಸರಿಹೋಗುತ್ತೆ’ ಅನ್ನುವ ಸಮಾಧಾನ ನಾಟುವುದಿಲ್ಲ. ಇರುವ ಅಪಾಯಕ್ಕೆ ಹೆದರುವುದು ಕಾಯಿಲೆಯಲ್ಲ. ಆ ಹೆದರಿಕೆಯನ್ನು ಒಬ್ಬರೇ ಹೊತ್ತು ತಿರುಗಿದರೆ ಮಾತ್ರ ಕಷ್ಟ.

ಅದು ಹೇಗಿರುತ್ತೆ ನೋಡಿ. ರಾತ್ರಿ ಹನ್ನೊಂದೂವರೆ. ದೀಪ ಆರಿಸಿ ಮಲಗಿ ಫೋನ್ ತೆಗೆದಿರಿ. ಒಂದು ಕಾಡ್ಗಿಚ್ಚಿನ ವಿಡಿಯೊ. ಅದನ್ನು ಕೊನೆವರೆಗೆ ನೋಡಿದ್ದಕ್ಕೆ ಫೋನ್ ಇನ್ನೊಂದನ್ನು ಮುಂದಿಟ್ಟಿತು, ಕುಸಿಯುವ ಹಿಮನದಿ. ಆಮೇಲೆ ನೆರೆಯಲ್ಲಿ ತೇಲುವ ಕಾರುಗಳು. ಹೆಬ್ಬೆರಳು ನಿಲ್ಲುವುದಿಲ್ಲ. ಒಂದು ಗಂಟೆಗೆ ಫೋನ್ ಕೆಳಗಿಟ್ಟಾಗ ಎದೆ ಡವಡವ ಅನ್ನುತ್ತಿರುತ್ತದೆ, ಹೊಸದಾಗಿ ತಿಳಿದದ್ದು ಮಾತ್ರ ಏನೂ ಇಲ್ಲ. ಸುದ್ದಿಯನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ಹಗಲಲ್ಲಿ ಒಂದು ಹೊತ್ತು ಗೊತ್ತು ಮಾಡಿಕೊಂಡು ಓದಿ. ಮಲಗುವ ಕೋಣೆಗೆ ಫೋನ್ ಬೇಡ.

‘ಏನಾದರೂ ಮಾಡು, ಮನಸ್ಸು ಹಗುರಾಗುತ್ತೆ’ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದು ಅರ್ಧ ನಿಜ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಮರಿಯಾ ಓಯಾಲಾ ಮಕ್ಕಳನ್ನು ಕೇಳಿ ನೋಡಿದರು. ‘ನಾನು ಏನು ಮಾಡಲಿ’ ಎಂದೇ ಸದಾ ಯೋಚಿಸುವ ಮಕ್ಕಳು ಪರಿಸರಕ್ಕಾಗಿ ಹೆಚ್ಚು ಮಾಡುತ್ತಿದ್ದರು, ಆದರೆ ಅವರಲ್ಲಿ ಬೇಸರ, ಚಿಂತೆಯೂ ಹೆಚ್ಚಿತ್ತು. ಬೇರೆಯವರೂ ದುಡಿಯುತ್ತಿದ್ದಾರೆ, ಅವರನ್ನು ನಂಬಬಹುದು ಎಂದುಕೊಂಡ ಮಕ್ಕಳು ಕೆಲಸವನ್ನೂ ಮಾಡುತ್ತಿದ್ದರು, ನೆಮ್ಮದಿಯಾಗಿಯೂ ಇದ್ದರು. 2022ರಲ್ಲಿ ಅಮೆರಿಕದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು ಹತ್ತಿರದ ಮಾತನ್ನೇ ಹೇಳಿತು. ಹವಾಮಾನದ ಆತಂಕಕ್ಕೂ ಖಿನ್ನತೆಗೂ ಇರುವ ನಂಟು, ಗುಂಪಿನಲ್ಲಿ ಕೆಲಸ ಮಾಡುವವರಲ್ಲಿ ಸಡಿಲವಾಗಿತ್ತು. ಒಬ್ಬೊಬ್ಬರೇ ಮಾಡಿಕೊಳ್ಳುವ ಬದಲಾವಣೆಗಳಿಂದ ಆ ಲಾಭ ಕಾಣಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಬ್ಬರೇ ಲೆಕ್ಕ ಹಾಕುತ್ತ ಕೂತರೆ ಪ್ರತಿ ಪ್ಲಾಸ್ಟಿಕ್ ಚೀಲವೂ ಪಾಪವಾಗುತ್ತದೆ. ಅಂದ ಹಾಗೆ, ‘ಕಾರ್ಬನ್ ಹೆಜ್ಜೆಗುರುತು’ (ಒಬ್ಬೊಬ್ಬರ ಬದುಕಿನಿಂದ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಎಂಬ ಲೆಕ್ಕ) ಎಂಬ ಮಾತು ಜನರ ಬಾಯಿಗೆ ಬಂದದ್ದರಲ್ಲಿ ಬಿಪಿ ಎಂಬ ತೈಲ ಕಂಪನಿಯ ಜಾಹೀರಾತುಗಳ ಪಾಲು ದೊಡ್ಡದು. ಎಣ್ಣೆ ಮಾರುವವರೇ ನಮ್ಮ ಕೈಗೆ ಲೆಕ್ಕದ ಪುಸ್ತಕ ಕೊಟ್ಟ ಹಾಗಾಯಿತು, ಅಲ್ವಾ! ಗುಂಪಿನಲ್ಲಾದರೆ ಒಬ್ಬರು ಅರ್ಜಿ ಬರೆಯುತ್ತಾರೆ, ಇನ್ನೊಬ್ಬರು ಗಿಡಕ್ಕೆ ನೀರು ಹಾಕುತ್ತಾರೆ, ಮತ್ತೊಬ್ಬರು ಬರೀ ಜೋಕ್ ಹೊಡೆಯುತ್ತಾರೆ. ಅವರೂ ಬೇಕು. ಒಂದು ವಾರ ನಿಮಗೆ ಸುಸ್ತಾದರೆ ಮನೆಯಲ್ಲಿ ಮಲಗಬಹುದು, ಕೆಲಸ ನಿಲ್ಲುವುದಿಲ್ಲ.

ದುಡಿಯುವವರು ಇದ್ದಾರೆ ಎನ್ನುವುದಕ್ಕೆ ಒಂದು ಅಂಕಿ ಸಾಕು. 2010ರಿಂದ 2019ರೊಳಗೆ ಸೌರ ವಿದ್ಯುತ್ತಿನ ವೆಚ್ಚ ಶೇ 85ರಷ್ಟು ಇಳಿಯಿತು.

ಇನ್ನು ಸೆಕೆಯ ವಿಚಾರ. ಸೆಕೆಯ ರಾತ್ರಿ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮನಸ್ಸು ಬೇಗ ಕುಗ್ಗುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಮೈ ಬೆವರುವುದನ್ನೇ ತಗ್ಗಿಸುತ್ತವೆ, ಆಗ ಮೈ ತಣಿಯುವುದು ಕಷ್ಟ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಬೇಸಿಗೆಗೆ ಮುಂಚೆಯೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ‘ಹವಾಮಾನಕ್ಕೆ ಡಾಕ್ಟರ್ ಏನು ಮಾಡ್ತಾರೆ’ ಎಂದು ಕೂರಬೇಡಿ. ಹವಾಮಾನ ಸರಿ ಮಾಡುವುದು ಅವರಿಂದ ಆಗದು, ನಿಮ್ಮ ನಿದ್ದೆ ಸರಿ ಮಾಡಲು ಆಗುತ್ತದೆ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳೋಣ. ಚಿಕ್ಕವರು ಮೊದಲು ಮಾತಾಡಲಿ.