ಪಟ್ಟಿಗೆ ಸೇರಿಸಿದರು, ಪಟ್ಟಿಯಿಂದ ತೆಗೆದರು

ನಮಸ್ಕಾರ ಕೇಳುಗರೇ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಪ್ರಶ್ನೆ ನನ್ನದಲ್ಲ. 1988ರ ಜುಲೈ ಕೊನೆಯಲ್ಲಿ ಟೆಹರಾನಿನ ಎವಿನ್ ಜೈಲಿನಲ್ಲಿ, ಹಾಗೇ ಪಕ್ಕದ ಕರಜ್ ಊರಿನ ಗೊಹರ್‌ದಷ್ತ್ ಜೈಲಿನಲ್ಲಿ ಮುಜಾಹಿದೀನ್-ಎ-ಖಲ್ಕ್ ಅನ್ನುವ ಸರ್ಕಾರ ವಿರೋಧಿ ಗುಂಪಿನ ಕೈದಿಗಳಿಗೆ ಕೇಳಿದ ಪ್ರಶ್ನೆ ಅದು. ಕಣ್ಣಿಗೆ ಬಟ್ಟೆ ಕಟ್ಟಿ ಕಾರಿಡಾರಿನಲ್ಲಿ ಸಾಲಾಗಿ ಕೂರಿಸುತ್ತಿದ್ದರು. ಒಬ್ಬೊಬ್ಬರನ್ನೇ ಕೋಣೆಯೊಳಗೆ ಕರೆಯುತ್ತಿದ್ದರು. "ನೀನು ಯಾವ ಗುಂಪಿನವನು?" ಇಷ್ಟೇ ಕೇಳುತ್ತಿದ್ದರು. "ಮುಜಾಹಿದ್" ಅಂದರೆ ಅಲ್ಲಿಗೆ ಮುಗಿಯಿತು, ನೇಣು. "ಮುನಾಫಿಕ್", ಅಂದರೆ ಕಪಟಿ ಅಂತ ತನ್ನ ಗುಂಪನ್ನು ತಾನೇ ಬೈದುಕೊಂಡರೆ ಮುಂದಿನ ಪ್ರಶ್ನೆ. ಜೊತೆಯವರನ್ನು ಹಿಡಿದುಕೊಡುತ್ತೀಯಾ? ಟಿ.ವಿ. ಮುಂದೆ ಬಂದು ತಪ್ಪೊಪ್ಪಿಕೊಳ್ಳುತ್ತೀಯಾ? ಕೆಲವೇ ನಿಮಿಷದ ವಿಚಾರಣೆ. ವಕೀಲರಿಲ್ಲ, ಮೇಲ್ಮನವಿ ಇಲ್ಲ. ಇದು ಏನಕ್ಕೆ ಅನ್ನುವುದೂ ಅನೇಕರಿಗೆ ಗೊತ್ತಿರಲಿಲ್ಲ. ಆ ಸಾಲಿನಲ್ಲಿ ಕೂತವರಲ್ಲಿ ಕರಪತ್ರ ಹಂಚಿದ್ದಕ್ಕೆ, ಗುಂಪಿನ ಪತ್ರಿಕೆ ಮಾರಿದ್ದಕ್ಕೆ ಏಳೆಂಟು ವರ್ಷದಿಂದ ಜೈಲಿನಲ್ಲಿದ್ದವರಿದ್ದರು. ಶಿಕ್ಷೆಯ ಅವಧಿ ಮುಗಿದರೂ ಬಿಡುಗಡೆ ಆಗದೆ ಉಳಿದವರೂ ಇದ್ದರು.

ಒಂದು ಪದ ಹೇಳಿದರೆ ಸಾವು, ಇನ್ನೊಂದು ಪದ ಹೇಳಿದರೆ ಇನ್ನೊಂದು ಗಂಟೆಯ ಉಸಿರು. ಈ ಗುಂಪಿನ ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ಇದೇ. ಅವರಿಗೆ ಯಾರು ಯಾವ ಹೆಸರು ಇಟ್ಟರು, ಯಾವಾಗ ಇಟ್ಟರು, ಯಾವಾಗ ಬದಲಾಯಿಸಿದರು ಅನ್ನುವುದು. ಇರಾನ್ ಒಂದು ಹೆಸರಿಟ್ಟಿತು. ಇರಾಕ್, ಫ್ರಾನ್ಸ್, ಅಮೆರಿಕ ಒಂದೊಂದು ಇಟ್ಟವು. ಅದರಲ್ಲೂ ಅಮೆರಿಕ ಮೂರು ಸಲ ಬೇರೆ ಬೇರೆ ಹೆಸರಿಟ್ಟಿತು.

ಮುಜಾಹಿದೀನ್-ಎ-ಖಲ್ಕ್ ಅಂದರೆ ಜನರ ಹೋರಾಟಗಾರರು ಅಂತ ಅರ್ಥ ಮಾಡಿಕೊಳ್ಳಿ. 1965ರಲ್ಲಿ ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಓದಿದ ಕೆಲವು ಹುಡುಗರು ಕಟ್ಟಿದ್ದು. ಮೊಹಮ್ಮದ್ ಹನೀಫ್‌ನೆಜಾದ್ ಅವರಲ್ಲಿ ಮುಖ್ಯ. ದೇವರಲ್ಲಿ ನಂಬಿಕೆ ಇದ್ದವರು, ಆದರೆ ಮಾರ್ಕ್ಸ್‌ನನ್ನೂ ಓದಿಕೊಂಡವರು. ಆಗಿನ ಇರಾನಿನ ರಾಜ ಷಾನ ಆಳ್ವಿಕೆಯನ್ನು ಬಂದೂಕಿನಿಂದಲೇ ಇಳಿಸಬೇಕು ಅಂತ ಹೊರಟರು. 1971ರಲ್ಲಿ ಷಾನ ಗುಪ್ತ ಪೊಲೀಸರು, ಅದೇ ಸಾವಾಕ್, ಹೆಚ್ಚುಕಮ್ಮಿ ಇಡೀ ನಾಯಕತ್ವವನ್ನೇ ಹಿಡಿದುಹಾಕಿದರು. ಮುಂದಿನ ವರ್ಷ ಸ್ಥಾಪಕರಿಗೆ ಮರಣದಂಡನೆ ಆಯಿತು. ಬದುಕುಳಿದವರಲ್ಲಿ ಮಸೂದ್ ರಜವಿ ಒಬ್ಬ. ಅವನ ಗಲ್ಲುಶಿಕ್ಷೆ ಜೀವಾವಧಿಯಾಗಿ ಬದಲಾಯಿತು. 1970ರ ದಶಕದಲ್ಲಿ ಇರಾನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಸೇನಾಧಿಕಾರಿಗಳ ಕೊಲೆಯೂ ಈ ಹೆಸರಿನಲ್ಲೇ ನಡೆಯಿತು. ಅದು ನಮ್ಮಿಂದ ಒಡೆದು ಹೋದ ಬಣದ ಕೆಲಸ ಅಂತ ಗುಂಪು ಆಮೇಲೆ ಹೇಳಿಕೊಂಡು ಬಂತು. ಅಮೆರಿಕ ಅದನ್ನು ಒಪ್ಪಲಿಲ್ಲ.

1979ರಲ್ಲಿ ಷಾ ಓಡಿಹೋದ, ಧರ್ಮಗುರು ಖೊಮೇನಿ ಅಧಿಕಾರಕ್ಕೆ ಬಂದರು. ಒಟ್ಟಿಗೆ ಹೋರಾಡಿದವರು ಎರಡೇ ವರ್ಷದಲ್ಲಿ ಬದ್ಧ ವೈರಿಗಳಾದರು. 1981ರ ಜೂನ್ 20ರಂದು ಟೆಹರಾನಿನ ಬೀದಿಗಳಲ್ಲಿ ದೊಡ್ಡ ಮೆರವಣಿಗೆ, ಅದರ ಮೇಲೆ ಗುಂಡು, ಅಲ್ಲಿಂದಾಚೆ ಎರಡೂ ಕಡೆ ರಕ್ತ. ಜೂನ್ 28ರಂದು ಆಳುವ ಪಕ್ಷದ ಕಚೇರಿಯಲ್ಲಿ ಬಾಂಬ್ ಸಿಡಿದು ಆಯತೊಲ್ಲಾ ಬೆಹೆಷ್ತಿ ಸೇರಿ 70ಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 30ರಂದು ಇನ್ನೊಂದು ಬಾಂಬ್. ಅಧ್ಯಕ್ಷ ರಜಾಯಿ, ಪ್ರಧಾನಿ ಬಹೋನರ್ ಇಬ್ಬರೂ ಹೋದರು. ಎರಡಕ್ಕೂ ಇವರೇ ಕಾರಣ ಅಂತ ಸರ್ಕಾರ ಹೇಳಿತು. ಜೈಲುಗಳಲ್ಲಿ ಸಾಲು ಸಾಲಾಗಿ ಗುಂಡಿಟ್ಟು ಕೊಲ್ಲುವುದು ಶುರುವಾಯಿತು. ಹದಿಹರೆಯದ ಮಕ್ಕಳನ್ನೂ ಬಿಡಲಿಲ್ಲ.

ರಜವಿ ಅಷ್ಟು ಹೊತ್ತಿಗಾಗಲೇ ಪ್ಯಾರಿಸ್ ಸೇರಿದ್ದ. ಜುಲೈ ಕೊನೆಯಲ್ಲಿ, ಪದಚ್ಯುತ ಅಧ್ಯಕ್ಷ ಬನಿಸದ್ರ್ ಜೊತೆ ವಾಯುಪಡೆಯ ವಿಮಾನದಲ್ಲೇ ಹಾರಿಹೋಗಿದ್ದ. ಫ್ರಾನ್ಸ್ ಆಶ್ರಯ ಕೊಟ್ಟಿತು. ಪ್ಯಾರಿಸ್ ಹೊರಗಿನ ಓವೆರ್-ಸ್ಯೂರ್-ವಾಜ್ ಅನ್ನುವ ಸಣ್ಣ ಊರು ಇವರ ಮನೆಯಾಯಿತು. ಐದು ವರ್ಷ ಕಳೆಯಿತು. 1986ರಲ್ಲಿ ಫ್ರಾನ್ಸಿಗೆ ಇರಾನ್ ಜೊತೆ ಸಂಬಂಧ ಸರಿಮಾಡಿಕೊಳ್ಳಬೇಕಿತ್ತು, ಲೆಬನಾನಿನಲ್ಲಿ ಒತ್ತೆಯಾಗಿದ್ದ ತನ್ನ ಜನರನ್ನು ಬಿಡಿಸಿಕೊಳ್ಳಬೇಕಿತ್ತು. ರಜವಿ ಹೊರಡಬೇಕಾಯಿತು.

ಹೊರಟಿದ್ದು ಎಲ್ಲಿಗೆ? ಸದ್ದಾಂ ಹುಸೇನನ ಇರಾಕಿಗೆ. ಆಗ ಇರಾಕ್–ಇರಾನ್ ಯುದ್ಧ ನಡೆಯುತ್ತಿದೆ. ಇರಾನಿನ ಊರುಗಳ ಮೇಲೆ ಸದ್ದಾಂನ ಕ್ಷಿಪಣಿ ಬೀಳುತ್ತಿವೆ, ಗಡಿಯಲ್ಲಿ ವಿಷಾನಿಲ ಹಾಕುತ್ತಿದ್ದಾರೆ. ಅಂಥವನ ಮಗ್ಗುಲಿಗೆ ಹೋಗಿ ಕೂತು, ಅವನು ಕೊಟ್ಟ ಟ್ಯಾಂಕುಗಳಲ್ಲಿ ತಮ್ಮದೇ ದೇಶದ ಸೈನಿಕರ ಮೇಲೆ ಯುದ್ಧಕ್ಕೆ ಹೋದರು. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ದೊಡ್ಡ ದ್ರೋಹ ಅದು. ಆಳುವವರನ್ನು ಎಷ್ಟೇ ದ್ವೇಷಿಸುವ ಇರಾನಿಯನ್ನರೂ ಇವತ್ತಿಗೂ ಈ ಗುಂಪಿನ ಹೆಸರು ಕೇಳಿದರೆ ಮುಖ ತಿರುಗಿಸುವುದು ಇದಕ್ಕೇ.

1988ರ ಜುಲೈಯಲ್ಲಿ ಇರಾನ್ ಕದನ ವಿರಾಮಕ್ಕೆ ಒಪ್ಪಿತು. ಇದೇ ಸಮಯ ಅಂತ ರಜವಿ ತನ್ನ ಸೈನ್ಯವನ್ನು ಗಡಿ ದಾಟಿಸಿದ. ಯೂರೋಪ್, ಅಮೆರಿಕದಿಂದ ಬಂದು ಸೇರಿದ ಹುಡುಗ ಹುಡುಗಿಯರೂ ಅದರಲ್ಲಿದ್ದರು, ಕೆಲವರಿಗೆ ಕೆಲವೇ ದಿನದ ತರಬೇತಿ. ಕೆರ್ಮಾನ್‌ಷಾ ಕಡೆ ಹೋಗುವ ಹೆದ್ದಾರಿಯಲ್ಲಿ ವಾಹನಗಳ ಉದ್ದನೆಯ ಸಾಲು, ನೇರವಾಗಿ ಟೆಹರಾನಿಗೇ ಹೋಗಿಬಿಡುತ್ತೇವೆ ಅನ್ನುವ ಹುಮ್ಮಸ್ಸು, ಜನ ದಾರಿಯುದ್ದಕ್ಕೂ ಎದ್ದು ಬಂದು ಸೇರುತ್ತಾರೆ ಅನ್ನುವ ನಂಬಿಕೆ. ಯಾರೂ ಎದ್ದು ಬರಲಿಲ್ಲ. ಚಹಾರ್‌ಜೆಬರ್ ಕಣಿವೆಯಲ್ಲಿ ಇರಾನಿ ಸೇನೆ ಅಡ್ಡಹಾಕಿ ಮೇಲಿನಿಂದ ಹೆಲಿಕಾಪ್ಟರುಗಳಲ್ಲಿ ಹೊಡೆಯಿತು. ಸಾವಿರಕ್ಕೂ ಹೆಚ್ಚು ಜನ ಆ ರಸ್ತೆಯಲ್ಲೇ ಸತ್ತರು.

ಆಮೇಲೆ ಖೊಮೇನಿಯ ಫತ್ವಾ. ಮೊದಲು ಹೇಳಿದ ಆ ಜೈಲು ಕೋಣೆಗಳು. ಕಡಿಮೆ ಅಂದರೂ 5,000 ಜನರನ್ನು ಕೊಂದರು ಅಂತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಲೆಕ್ಕ ಹೇಳುತ್ತದೆ. ಎಡಪಂಥೀಯ ಕೈದಿಗಳೂ ಅದರಲ್ಲಿದ್ದರು. ಖೊಮೇನಿಯ ಉತ್ತರಾಧಿಕಾರಿ ಅಂತ ಗೊತ್ತಾಗಿದ್ದ ಆಯತೊಲ್ಲಾ ಮೊಂತಜೆರಿ ಒಬ್ಬರೇ ಎದ್ದು ನಿಂತು, ಇದು ಅನ್ಯಾಯ ಅಂತ ಆ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳ ಮುಖಕ್ಕೇ ಹೇಳಿದರು. ಆ ಮಾತಿನ ಧ್ವನಿಮುದ್ರಣ 2016ರಲ್ಲಿ ಹೊರಬಂತು. ಕೇಳಿದರೆ ಮೈ ಜುಂ ಅನ್ನುತ್ತದೆ. ಎದುರಿಗೆ ಕೂತು ಅದನ್ನು ಕೇಳಿಸಿಕೊಂಡವರಲ್ಲಿ ಇಬ್ರಾಹಿಂ ರಯೀಸಿ ಒಬ್ಬರು. ಮುಂದೆ ಇರಾನಿನ ಅಧ್ಯಕ್ಷರಾದವರು. ಮೊಂತಜೆರಿಗೆ ಮಾತ್ರ ಇದ್ದ ಪದವಿ ಹೋಯಿತು. ಟೆಹರಾನಿನ ಆಚೆ ಖಾವರಾನ್ ಅನ್ನುವ ಬಯಲಿದೆ, ಹೀಗೆ ಸತ್ತವರಲ್ಲಿ ಎಷ್ಟೋ ಜನರನ್ನು ಗುರುತಿಲ್ಲದೆ ಹೂತ ಜಾಗ. ತಾಯಂದಿರು ಅಲ್ಲಿಗೆ ಹೂ ತಗೊಂಡು ಹೋಗುತ್ತಿದ್ದರು. ಯಾವ ಮಣ್ಣಿನ ಕೆಳಗೆ ತನ್ನ ಮಗ ಅಂತ ಗೊತ್ತಿಲ್ಲದೆ ಸುಮ್ನೆ ಎಲ್ಲೋ ಒಂದು ಕಡೆ ಇಟ್ಟು ಬರುತ್ತಿದ್ದರು. ಅದಕ್ಕೂ ಪೊಲೀಸರು ಅಡ್ಡ ಬರುತ್ತಿದ್ದರು.

ಇರಾಕಿನಲ್ಲಿ ಉಳಿದವರ ಪಾಡೂ ನೆಟ್ಟಗಿರಲಿಲ್ಲ. ಬಾಗ್ದಾದಿನ ಉತ್ತರಕ್ಕೆ ದಿಯಾಲಾ ಪ್ರಾಂತ್ಯದಲ್ಲಿ ಅಶ್ರಫ್ ಶಿಬಿರ. ಟೆಹರಾನಿನಲ್ಲಿ ಸತ್ತ ರಜವಿಯ ಮೊದಲ ಹೆಂಡತಿಯ ಹೆಸರು ಅದು. ಮರಳುಗಾಡಿನಲ್ಲಿ ಮರ ನೆಟ್ಟರು, ರಸ್ತೆ ಮಾಡಿದರು, ಒಂದು ಊರನ್ನೇ ಕಟ್ಟಿದರು. ಆದರೆ ಚಹಾರ್‌ಜೆಬರ್ ಸೋಲಿಗೆ ನಾಯಕತ್ವ ಕೊಟ್ಟ ವಿವರಣೆ ಏನು ಗೊತ್ತಾ? ನಿಮ್ಮ ಮನಸ್ಸು ಹೋರಾಟದ ಮೇಲಿರಲಿಲ್ಲ, ಗಂಡ ಹೆಂಡತಿ ಮಕ್ಕಳ ಮೇಲಿತ್ತು ಅಂತ. ದಂಪತಿಗಳಿಗೆಲ್ಲ ವಿಚ್ಛೇದನ ಕಡ್ಡಾಯ ಆಯಿತು. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ನೂರಾರು ಮಕ್ಕಳನ್ನು ಯೂರೋಪ್, ಉತ್ತರ ಅಮೆರಿಕಕ್ಕೆ ಕಳಿಸಿಬಿಟ್ಟರು. ಬಿಟ್ಟು ಹೋಗುತ್ತೇನೆ ಅಂದವರನ್ನು ಕೂಡಿಹಾಕಿ ಹೊಡೆದರು ಅಂತ ಮಾಜಿ ಸದಸ್ಯರು ಹೇಳಿದ್ದನ್ನು ಹ್ಯೂಮನ್ ರೈಟ್ಸ್ ವಾಚ್ 2005ರಲ್ಲಿ ದಾಖಲಿಸಿತು. ಗುಂಪು ಇದನ್ನು ಅಲ್ಲಗಳೆಯುತ್ತದೆ. ನಾನು ಆ ಮಾಜಿ ಸದಸ್ಯರ ಮಾತನ್ನು ನಂಬುತ್ತೇನೆ.

ಈಗ ಅಮೆರಿಕದ ವಿಷಯಕ್ಕೆ ಬರೋಣ. 1997ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ಮೊದಲ ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿ ತಂದಾಗ ಇವರೂ ಅದರಲ್ಲಿದ್ದರು. ಮಾಡಿದ ಕೆಲಸಗಳನ್ನು ನೋಡಿದರೆ ಸೇರಿಸಿದ್ದು ತಪ್ಪೇನಲ್ಲ. ಆದರೆ ಅದೇ ವರ್ಷ ಇರಾನಿನಲ್ಲಿ ಸುಧಾರಣೆಯ ಮಾತಾಡುವ ಖತಾಮಿ ಗೆದ್ದಿದ್ದರು. ಅವರಿಗೆ ಸದ್ಭಾವನೆ ತೋರಿಸಲು ಹೀಗೆ ಮಾಡಿದೆವು ಅಂತ ಅಮೆರಿಕದ ಅಧಿಕಾರಿಯೊಬ್ಬರು ಆಗಲೇ ಪತ್ರಿಕೆಯ ಮುಂದೆ ಹೇಳಿದ್ದರು. ಐದು ವರ್ಷ ಕಳೆದು 2002ರ ಆಗಸ್ಟಿನಲ್ಲಿ, ಪಟ್ಟಿಯಲ್ಲಿದ್ದ ಇದೇ ಗುಂಪಿನ ರಾಜಕೀಯ ಅಂಗ ವಾಷಿಂಗ್ಟನ್‌ನಲ್ಲೇ ಪತ್ರಿಕಾಗೋಷ್ಠಿ ಕರೆದು, ಇರಾನಿನ ನತಾಂಜ್ ಮತ್ತು ಅರಾಕ್‌ನಲ್ಲಿ ಗುಟ್ಟಾಗಿ ಅಣು ಕೆಲಸ ನಡೆಯುತ್ತಿದೆ ಅಂತ ಲೋಕಕ್ಕೆ ಸಾರಿತು. ಇರಾನಿನ ಅಣು ವಿವಾದ ಜಗಜ್ಜಾಹೀರಾದದ್ದು ಹೀಗೆ.

2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿತು. ಅಶ್ರಫ್ ಶಿಬಿರದ ಟ್ಯಾಂಕು, ತೋಪು ಎಲ್ಲ ಕಿತ್ತುಕೊಂಡಿತು. ಅಲ್ಲಿದ್ದ 3,000ಕ್ಕೂ ಹೆಚ್ಚು ಜನರನ್ನು ಏನು ಮಾಡುವುದು? ಹಿಂಸೆ ಬಿಟ್ಟೆವು ಅಂತ ಸಹಿ ಹಾಕಿಸಿಕೊಂಡು, 2004ರಲ್ಲಿ ಜಿನೀವಾ ಒಪ್ಪಂದದ ಪ್ರಕಾರ "ರಕ್ಷಿತ ವ್ಯಕ್ತಿಗಳು" ಅಂತ ಹೇಳಿ ಗುರುತಿನ ಚೀಟಿ ಕೊಟ್ಟರು. ವಾಷಿಂಗ್ಟನ್ನಿನ ಕಡತದಲ್ಲಿ ಭಯೋತ್ಪಾದಕ, ಜೇಬಿನಲ್ಲಿ ಅಮೆರಿಕವೇ ಕೊಟ್ಟ ರಕ್ಷಣೆಯ ಚೀಟಿ. ಆ ಚೀಟಿಯ ಬೆಲೆ 2009ರಲ್ಲಿ ಗೊತ್ತಾಯಿತು. ಕಾವಲು ಇರಾಕಿ ಸರ್ಕಾರದ ಕೈಗೆ ಹೋದ ಕೆಲವೇ ತಿಂಗಳಿಗೆ, ಜುಲೈಯಲ್ಲಿ ಇರಾಕಿ ಪಡೆಗಳು ಶಿಬಿರಕ್ಕೆ ನುಗ್ಗಿದವು, 11 ಜನ ಸತ್ತರು. 2011ರ ಏಪ್ರಿಲಿನಲ್ಲಿ ಮತ್ತೆ ನುಗ್ಗಿದವು, 30ಕ್ಕೂ ಹೆಚ್ಚು ಜನ ಸತ್ತರು. 2013ರ ಸೆಪ್ಟೆಂಬರ್ 1ರಂದು, ಶಿಬಿರದ ಆಸ್ತಿ ನೋಡಿಕೊಳ್ಳಲು ಉಳಿದಿದ್ದ ನೂರು ಚಿಲ್ಲರೆ ಜನರಲ್ಲಿ 52 ಜನರನ್ನು ಕೊಂದರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ. ಬಂದೂಕು ಕಿತ್ತುಕೊಂಡು, ನೀವು ಸುರಕ್ಷಿತ ಅಂತ ಬರೆದುಕೊಟ್ಟವರು ಅಷ್ಟು ಹೊತ್ತಿಗೆ ಮನೆಗೆ ಹೋಗಿಯಾಗಿತ್ತು. ಗುಂಪಿನ ರಾಜಕೀಯ ನನಗೆ ಒಂದಿಷ್ಟೂ ಹಿಡಿಸುವುದಿಲ್ಲ, ಆದರೂ ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಇತ್ತ ಪಟ್ಟಿಯಿಂದ ಹೊರಬರುವ ಓಡಾಟ ನಡೆದಿತ್ತು. ಬ್ರಿಟನ್ 2008ರಲ್ಲಿ, ಯೂರೋಪ್ ಒಕ್ಕೂಟ 2009ರಲ್ಲಿ ನ್ಯಾಯಾಲಯಗಳ ತೀರ್ಪಿಗೆ ಮಣಿದು ಹೆಸರು ತೆಗೆದವು. ಅಮೆರಿಕದಲ್ಲಿ ಮಾತ್ರ ದುಡ್ಡಿನ ಹೊಳೆ ಹರಿಯಿತು. ಮಾಜಿ ಗವರ್ನರುಗಳು, ಮಾಜಿ ಮೇಯರುಗಳು, ನಿವೃತ್ತ ಜನರಲ್‌ಗಳು ಇವರ ಪರವಾದ ಸಭೆಗಳಲ್ಲಿ ಭಾಷಣ ಮಾಡಿದರು. ಹಲವರಿಗೆ ಒಂದೊಂದು ಭಾಷಣಕ್ಕೆ ಸಾವಿರಾರು ಡಾಲರ್. ಎರಡೂ ಪಕ್ಷದವರಿದ್ದರು. ನೆನಪಿಡಿ, ಗುಂಪು ಆಗಿನ್ನೂ ಪಟ್ಟಿಯಲ್ಲೇ ಇತ್ತು. 2010ರ ಜೂನ್‌ನಲ್ಲಷ್ಟೇ ಅಮೆರಿಕದ ಸುಪ್ರೀಂ ಕೋರ್ಟು, ಪಟ್ಟಿಯಲ್ಲಿರುವ ಸಂಘಟನೆಗೆ ಶಾಂತಿ ಮಾತುಕತೆ ಹೇಗೆ ಮಾಡಬೇಕು ಅಂತ ಹೇಳಿಕೊಡುವುದೂ ಅಪರಾಧ ಅಂತ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆ ಕುರ್ದಿಗಳ ಪಿಕೆಕೆ ಮತ್ತು ನಮಗೆಲ್ಲ ಚೆನ್ನಾಗಿ ಗೊತ್ತಿರುವ ಎಲ್‌ಟಿಟಿಇಗೆ ಸಂಬಂಧಿಸಿದ್ದು. ಮಾನವ ಹಕ್ಕಿನ ಕೆಲಸ ಮಾಡುವ ಸಾಮಾನ್ಯ ಜನರಿಗೆ ಆ ಕಾನೂನಿನ ಭಯ. ಈ ದೊಡ್ಡವರ ಮೇಲೆ ಒಂದು ತನಿಖೆ ಶುರುವಾಯಿತಾದರೂ ಯಾರ ಮೇಲೂ ಕೇಸು ಬೀಳಲಿಲ್ಲ.

2012ರ ಸೆಪ್ಟೆಂಬರ್ 28ರಂದು ಆಗ ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಕ್ಲಿಂಟನ್ ಇವರ ಹೆಸರನ್ನು ಪಟ್ಟಿಯಿಂದ ತೆಗೆದರು. ಹತ್ತು ವರ್ಷದಿಂದ ದಾಳಿ ಮಾಡಿದ್ದು ಖಚಿತವಾಗಿಲ್ಲ, ಅಶ್ರಫ್ ಖಾಲಿ ಮಾಡಲು ಸಹಕರಿಸಿದ್ದಾರೆ ಅನ್ನುವುದು ಕಾರಣ. ಎರಡೂ ನಿಜವೇ. ಆದರೆ ಶಿಬಿರದ ಒಳಗೆ ಮನುಷ್ಯರನ್ನು ನಡೆಸಿಕೊಂಡ ರೀತಿಯ ಬಗ್ಗೆ ತನಗೆ ಗಂಭೀರ ಆತಂಕ ಇದೆ ಅಂತಲೂ ಅದೇ ಇಲಾಖೆ ಅದೇ ದಿನ ಹೇಳಿತು, ಹೇಳಿ ಮುಂದೆ ಹೋಯಿತು.

ಅವರನ್ನೆಲ್ಲ ಇಟ್ಟುಕೊಳ್ಳಲು ಯಾವ ದೊಡ್ಡ ದೇಶವೂ ಮುಂದೆ ಬರಲಿಲ್ಲ. ಒಪ್ಪಿದ್ದು ಪುಟ್ಟ ಅಲ್ಬೇನಿಯಾ. 2016ರ ಹೊತ್ತಿಗೆ ಹೆಚ್ಚಿನವರು ಅಲ್ಲಿಗೆ ಬಂದರು. ದುರೆಸ್ ಹತ್ತಿರ ಮನೆಜ್ ಅನ್ನುವ ಹಳ್ಳಿಯ ಬದಿಯಲ್ಲಿ ಅಶ್ರಫ್-3 ಎದ್ದಿತು. ಇಪ್ಪತ್ತರ ಹರೆಯದಲ್ಲಿ ಮನೆ ಬಿಟ್ಟವರು ಅಲ್ಲಿ ಮುದುಕರಾಗುತ್ತಿದ್ದಾರೆ. ರಜವಿ 2003ರಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಹೆಂಡತಿ ಮರಿಯಮ್ ರಜವಿಯೇ ಗುಂಪಿನ ಮುಖ.

ಇರಾನ್ ಅವರನ್ನು ಅಲ್ಲೂ ಬಿಡಲಿಲ್ಲ. 2018ರ ಜೂನ್‌ನಲ್ಲಿ ಪ್ಯಾರಿಸ್ ಹೊರಗೆ ಇವರ ದೊಡ್ಡ ಸಭೆ ಇತ್ತು. ವಿಯೆನ್ನಾದಲ್ಲಿದ್ದ ಇರಾನಿನ ರಾಜತಾಂತ್ರಿಕ ಅಸದೊಲ್ಲಾ ಅಸದಿ, ಬೆಲ್ಜಿಯಂನ ಒಂದು ದಂಪತಿಯನ್ನು ಲಕ್ಸೆಂಬರ್ಗಿನ ಪಿಜ್ಜಾ ಅಂಗಡಿಯಲ್ಲಿ ಕಂಡು ಅರ್ಧ ಕಿಲೋದಷ್ಟು ಸ್ಫೋಟಕ ಕೊಟ್ಟ. ಪೊಲೀಸರು ಹಿಡಿದರು. 2021ರಲ್ಲಿ ಆಂಟ್‌ವರ್ಪ್ ನ್ಯಾಯಾಲಯ 20 ವರ್ಷ ಶಿಕ್ಷೆ ಕೊಟ್ಟಿತು. 2023ರ ಮೇನಲ್ಲಿ, ಇರಾನ್ ಕೂಡಿಹಾಕಿದ್ದ ಬೆಲ್ಜಿಯಂನ ಪರಿಹಾರ ಕಾರ್ಯಕರ್ತನನ್ನು ಬಿಡಿಸಿಕೊಳ್ಳಲು ಅವನನ್ನು ವಾಪಸು ಕಳಿಸಿದರು. ಮುಂದಿನ ತಿಂಗಳೇ ಅಲ್ಬೇನಿಯಾ ಪೊಲೀಸರು ಅಶ್ರಫ್-3ರ ಮೇಲೆ ದಾಳಿ ಮಾಡಿ ಕಂಪ್ಯೂಟರುಗಳನ್ನು ಹೊತ್ತೊಯ್ದರು. ಅವತ್ತು ಅಲ್ಲಿ ಒಬ್ಬರು ಸತ್ತರು.

ಕೊನೆಗೆ ಒಂದು ಮೊಕದ್ದಮೆಯ ಮಾತು. ಹಮೀದ್ ನೂರಿ ಅನ್ನುವವನು 1988ರಲ್ಲಿ ಗೊಹರ್‌ದಷ್ತ್ ಜೈಲಿನಲ್ಲಿ ಕೆಲಸ ಮಾಡುತ್ತಿದ್ದ. ಕೈದಿಗಳನ್ನು ಆ ಕೋಣೆಗೆ, ಅಲ್ಲಿಂದ ನೇಣಿಗೆ ಕರೆದೊಯ್ಯುವವರಲ್ಲಿ ಅವನೂ ಇದ್ದ ಅಂತ ಆರೋಪ. 2019ರ ನವೆಂಬರಿನಲ್ಲಿ ಸ್ವೀಡನ್ನಿಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲೇ ಬಂಧಿಸಿದರು. ಬದುಕುಳಿದ ಕೈದಿಗಳು ಸಾಕ್ಷಿಗೆ ಬಂದರು. ಅಲ್ಬೇನಿಯಾದಲ್ಲಿದ್ದ ಸಾಕ್ಷಿಗಳಿಗಾಗಿ ಸ್ಟಾಕ್‌ಹೋಮಿನ ನ್ಯಾಯಾಲಯವೇ 2021ರ ನವೆಂಬರಿನಲ್ಲಿ ದುರೆಸ್‌ಗೆ ಹೋಗಿ ಕೂತಿತು. ನ್ಯಾಯಾಧೀಶರು, ವಕೀಲರು, ದುಭಾಷಿಗಳು ಎಲ್ಲ. 33 ವರ್ಷ ಆದಮೇಲೆ ಒಂದು ನ್ಯಾಯಾಲಯ ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಿತು, ಅವತ್ತು ಆ ಕಾರಿಡಾರಿನಲ್ಲಿ ಏನು ನಡೆಯಿತು ಹೇಳಿ ಅಂತ. ಪಕ್ಕದಲ್ಲಿ ಯಾರು ಕೂತಿದ್ದರು, ಯಾರನ್ನು ಯಾವ ಕಡೆ ಕರೆದುಕೊಂಡು ಹೋದರು, ಕಣ್ಣಿನ ಬಟ್ಟೆಯ ಕೆಳಗಿನ ಸಂದಿಯಲ್ಲಿ ಏನು ಕಂಡಿತು ಅಂತ ಅವರು ಹೇಳಿದರು. 2022ರ ಜುಲೈಯಲ್ಲಿ ನೂರಿಗೆ ಜೀವಾವಧಿ ಶಿಕ್ಷೆಯಾಯಿತು.

2024ರ ಜೂನ್ 15ರಂದು ಸ್ವೀಡನ್ ಸರ್ಕಾರ, ಇರಾನಿನ ಜೈಲಿನಲ್ಲಿದ್ದ ತನ್ನ ಇಬ್ಬರು ಪ್ರಜೆಗಳಿಗಾಗಿ ನೂರಿಯನ್ನು ವಿಮಾನ ಹತ್ತಿಸಿತು. ಆ ಇಬ್ಬರ ಮನೆಯವರ ಸಂತೋಷ ನನಗೆ ಅರ್ಥವಾಗುತ್ತದೆ, ಅದನ್ನು ಬೇಡ ಅನ್ನಲು ನಾನ್ಯಾರು? ಅದೇ ಸಂಜೆ ಟೆಹರಾನಿನ ವಿಮಾನ ನಿಲ್ದಾಣದಲ್ಲಿ ನೂರಿಯನ್ನು ಅಧಿಕಾರಿಗಳು ಸ್ವಾಗತಿಸಿದರು. ಅದನ್ನು ಟಿ.ವಿ.ಯಲ್ಲಿ ತೋರಿಸಿದರು. ದುರೆಸ್‌ನಲ್ಲಿ ಸಾಕ್ಷಿ ಹೇಳಿದವರೂ ನೋಡಿರುತ್ತಾರೆ.

ನಮಸ್ಕಾರ.