ಬರ್ಲಿನ್ ತಂಡದ ಆ ಒಂದು ಹಾಡು

ಹಾಡನ್ನು ಇಲ್ಲಿ ಕೇಳಿಸಿದರೆ ಕಾಪಿರೈಟ್ ತಕರಾರು ಬರುವುದರಿಂದ ಅದರ ಆರಂಭವನ್ನು ಮಾತಿನಲ್ಲಿಯೇ ಹೇಳುತ್ತೇನೆ. ಸಿಂಥಸೈಜರಿನ ಕೆಲವು ಮಂದ್ರ ಸ್ವರಗಳು ಅವಸರವಿಲ್ಲದೆ ಹೆಜ್ಜೆಯಿಡುತ್ತವೆ. ಅವುಗಳ ಬೆನ್ನಿಗೇ ಒಂದು ಹೆಣ್ಣುದನಿ ತೇಲಿ ಬರುತ್ತದೆ. 1986ರ ‘ಟಾಪ್ ಗನ್’ ಚಿತ್ರವನ್ನು ನೋಡಿದವರಿಗೆ ಇಷ್ಟು ಸಾಕು. ಹಾಡಿನ ಹೆಸರು ‘ಟೇಕ್ ಮೈ ಬ್ರೆತ್ ಅವೇ’, ಹಾಡಿದ್ದು ಬರ್ಲಿನ್ ಎಂಬ ತಂಡ. ಹೆಸರನ್ನು ನಂಬಿ ಇವರು ಜರ್ಮನಿಯವರೆಂದೇ ನಾನು ಬಹಳ ಕಾಲ ತಿಳಿದಿದ್ದೆ, ಅವರು ಕ್ಯಾಲಿಫೋರ್ನಿಯಾದವರು.

ಅದಕ್ಕೂ ಮೊದಲು ಈ ತಂಡಕ್ಕೆ ಕೇಳುಗರೇ ಇರಲಿಲ್ಲವೆಂದಲ್ಲ. 1984ರಲ್ಲಿ ‘ನೋ ಮೋರ್ ವರ್ಡ್ಸ್’ ಬಿಲ್‌ಬೋರ್ಡ್ ಎಂಬ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ 23ನೇ ಸ್ಥಾನದವರೆಗೆ ಏರಿತ್ತು. ಅವರ ಸ್ವಂತ ಸಂಗೀತ ಚುರುಕಾದ, ಸ್ವಲ್ಪ ತುಂಟತನದ ಸಿಂಥ್ ಪಾಪ್, ಅಂದರೆ ಸಿಂಥಸೈಜರನ್ನೇ ನೆಚ್ಚಿದ ಪಾಪ್ ಸಂಗೀತ. ಬಾಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಕ್ರಾಫರ್ಡ್ ಅದರ ಮುಖ್ಯ ರಚನೆಕಾರರು, ಟೆರಿ ನನ್ ಗಾಯಕಿ.

ಆದರೆ ಜಗತ್ತು ನೆನಪಿಟ್ಟುಕೊಂಡ ಹಾಡು ಇವರಿಬ್ಬರ ರಚನೆಯಲ್ಲ. ರಾಗ ಇಟಲಿಯ ಜಾರ್ಜಿಯೊ ಮೊರೊಡರ್ ಅವರದು; ಸಾಹಿತ್ಯ ಟಾಮ್ ವಿಟ್ಲಾಕ್ ಅವರದು. ಮೊರೊಡರ್ ಅವರ ಫೆರಾರಿ ಕಾರಿನ ಬ್ರೇಕ್ ಸರಿಪಡಿಸಿಕೊಟ್ಟು ಪರಿಚಯವಾದ ಈ ವಿಟ್ಲಾಕ್ ಅವರ ಕಥೆಗೇ ಒಂದು ಬೇರೆ ವಿಡಿಯೊ ಬೇಕು. ಬರ್ಲಿನ್ ತಂಡವೂ ಮೊದಲ ಆಯ್ಕೆಯಾಗಿರಲಿಲ್ಲ: ಅದಕ್ಕಿಂತ ಮುಂಚೆ ಮೋಟೆಲ್ಸ್ ತಂಡದವರು ಇದೇ ಹಾಡನ್ನು ಪ್ರಾಯೋಗಿಕವಾಗಿ ಧ್ವನಿಮುದ್ರಿಸಿದ್ದರು.

ಇನ್ನೊಬ್ಬರ ರಾಗಕ್ಕೆ, ಮತ್ತೊಬ್ಬರ ಸಾಹಿತ್ಯಕ್ಕೆ, ಯಾರದೋ ಚಿತ್ರದ ಪ್ರೇಮದೃಶ್ಯಕ್ಕಾಗಿ ದನಿ ಕೊಡುವುದು ಹಿನ್ನೆಲೆ ಗಾಯನವನ್ನು ಕೇಳುತ್ತಲೇ ಬೆಳೆದ ನಮಗೆ ತೀರ ಸಹಜವಾದ ಸಂಗತಿ; ಅದರಲ್ಲಿ ಗಾಯಕರ ಮಾನಕ್ಕೇನೂ ಕುಂದಿಲ್ಲ. ತನ್ನ ಹಾಡನ್ನು ತಾನೇ ಬರೆದು ತಾನೇ ನುಡಿಸುವುದನ್ನು ಗುರುತಾಗಿಸಿಕೊಂಡ ತಂಡಕ್ಕೆ ಮಾತ್ರ ಅದು ಹಾಗಿರಲಿಲ್ಲ. ಕ್ರಾಫರ್ಡ್ ಅವರಿಗೆ ಈ ಹಾಡು ಹಿಡಿಸಲಿಲ್ಲ, ನನ್ ಅವರಿಗೆ ಹಿಡಿಸಿತು. ಕ್ರಾಫರ್ಡ್ ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ನಾನು ನನ್ ಅವರ ಪಕ್ಷ. ಹಾಡಿನ ಕೊನೆಯ ಭಾಗದಲ್ಲಿ ಶ್ರುತಿ ಒಮ್ಮೆಲೇ ಮೇಲಕ್ಕೇರುವಾಗ ಅವರ ಕಂಠ ಅದನ್ನು ಹೊತ್ತು ನಿಲ್ಲುವುದನ್ನು ಕೇಳಿ. ಆ ದನಿಯಿಲ್ಲದಿದ್ದರೆ ಇದು ಒಂದು ಇಂಪಾದ ನಿಧಾನಗತಿಯ ಹಾಡಷ್ಟೇ ಆಗಿರುತ್ತಿತ್ತು.

1986ರ ಸೆಪ್ಟೆಂಬರಿನಲ್ಲಿ ಹಾಡು ಅಮೆರಿಕದಲ್ಲಿ ಒಂದು ವಾರ, ಅದೇ ವರ್ಷ ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಮರುವರ್ಷ ಆಸ್ಕರ್ ಬಂದಾಗ, ಹಾಡು ರಚಿಸಿದವರಿಗೇ ಕೊಡುವ ನಿಯಮದಂತೆ ಅದು ಮೊರೊಡರ್ ಮತ್ತು ವಿಟ್ಲಾಕ್ ಅವರ ಕೈ ಸೇರಿತು. ಅದೇ 1987ರಲ್ಲಿ ಬರ್ಲಿನ್ ಒಡೆಯಿತು.

ನನ್ ಮುಂದೆ ಅದೇ ಹೆಸರಿನಲ್ಲಿ ಹೊಸ ತಂಡ ಕಟ್ಟಿ ಈ ಹಾಡನ್ನು ವೇದಿಕೆಯಿಂದ ವೇದಿಕೆಗೆ ಕೊಂಡೊಯ್ದರು. ಕ್ರಾಫರ್ಡ್ ಮತ್ತೆ ಅವರೊಂದಿಗೆ ಸೇರಿ ಬರ್ಲಿನ್ ಹೆಸರಿನ ಆಲ್ಬಮ್ ಹೊರತಂದದ್ದು 2019ರಲ್ಲಿ.