ಹಳಿ ಕಿತ್ತ ಮೇಲೂ ಉಳಿಯುವ ದಾರಿ

ಎಲ್ಲರಿಗೂ ನಮಸ್ಕಾರ. ರೈಲೇ ಬಾರದ ಕೊಡಗಿನಲ್ಲಿ ಮುಚ್ಚಿದ ರೈಲು ಮಾರ್ಗಗಳ ಮಾತು ಯಾಕೆ ಅಂತ ನಿಮಗೆ ಅನ್ನಿಸಬಹುದು. ನಮಗೂ ರೈಲಿನ ನಂಟಿದೆ. ರಜೆ ಮುಗಿಸಿ ಟ್ರಂಕ್ ಹೊತ್ತು ಹೊರಟ ನಮ್ಮ ಎಷ್ಟೋ ಸೈನಿಕರು ಬಸ್ಸಿಳಿದು ರೈಲು ಹತ್ತಿದ್ದು ಮೈಸೂರಿನಲ್ಲೇ ಅಲ್ವಾ? ಇತ್ತ ಪುಷ್ಪಗಿರಿಯ ಆಚೆ ಘಾಟಿಯ ರೈಲಿದೆ.

ಆ ಘಾಟಿಯ ಕಥೆಯನ್ನೇ ಮೊದಲು ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿ.ಮೀ. ಅಷ್ಟರಲ್ಲೇ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಪ್ರತಿ 50 ಅಡಿಗೆ ಒಂದಡಿ ಏರು. 1979ರಲ್ಲಿ ಇಲ್ಲಿ ಮೀಟರ್ ಗೇಜ್ ರೈಲು ಬಂತು. 1996ರಲ್ಲಿ ನಿಂತೂ ಹೋಯಿತು. ಜನ ಹತ್ತಲಿಲ್ಲ ಅಂತ ನಿಲ್ಲಿಸಿದ್ದಲ್ಲ. ಮೀಟರ್ ಗೇಜ್ ಹಳಿಗಳ ನಡುವೆ 1000 ಮಿ.ಮೀ. ಅಂತರ, ಬ್ರಾಡ್ ಗೇಜ್‌ನಲ್ಲಿ 1676. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ. ಗೇಜ್ ಬದಲಾದ ಕಡೆ ಪ್ರತಿ ಮೂಟೆಯನ್ನೂ ಇಳಿಸಿ ಮತ್ತೆ ಹತ್ತಿಸಬೇಕು. ಅದಕ್ಕೇ 1992ರಿಂದ ದೇಶದ ಉದ್ದಕ್ಕೂ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್‌ಗೆ ಬದಲಿಸುವ ಕೆಲಸ ಜೋರಾಯಿತು. ಈ ಘಾಟಿಯಲ್ಲಿ ರೈಲು ನಿಂತದ್ದೂ ಅದಕ್ಕೇ.

ಘಾಟಿಯ ಎಡಕುಮೇರಿ, ಕಡಗರವಳ್ಳಿ, ಶಿರಿಬಾಗಿಲು ನಿಲ್ದಾಣಗಳಿಗೆ ವರ್ಷಗಟ್ಟಲೆ ರೈಲೇ ಬರಲಿಲ್ಲ. ಚಾರಣದ ಹುಡುಗರು ಟಾರ್ಚ್ ಹಿಡಿದು ಸುರಂಗ ದಾಟುತ್ತಿದ್ದರು. (ಈಗ ಹಾಗೆ ಹೋಗಬೇಡಿ. ರೈಲು ಓಡುತ್ತಿದೆ, ಹಳಿ ಮೇಲೆ ನಡೆಯುವುದು ಅಪರಾಧವೂ ಹೌದು.) 2006ರಲ್ಲಿ ಸರಕಿನ ರೈಲು, 2007ರ ಡಿಸೆಂಬರ್‌ನಲ್ಲಿ ಜನರ ರೈಲು ಮರಳಿ ಬಂತು. ಹತ್ತು ವರ್ಷ ಮುಚ್ಚಿದ್ದರೂ ಬಂತು. ಯಾಕೆಂದರೆ ಸುರಂಗ, ಸೇತುವೆ, ಜಾಗ ಎಲ್ಲ ರೈಲ್ವೆಯ ಕೈಯಲ್ಲೇ ಇತ್ತು. ದಾರಿ ತುಂಡಾಗಿರಲಿಲ್ಲ.

ತುಂಡಾದರೆ ಏನಾಗುತ್ತದೆ? ಬ್ರಿಟನ್ನಿನಲ್ಲಿ 1963ರಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ಬೀಚಿಂಗ್ ಅವರ ವರದಿ ಬಂತು. ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣ ಮುಚ್ಚಿ ಅಂತ ಅದು ಹೇಳಿತು. ಎಡಿನ್‌ಬರೋದಿಂದ ದಕ್ಷಿಣಕ್ಕಿದ್ದ ವೇವರ್ಲಿ ಮಾರ್ಗ 1969ರ ಜನವರಿಯಲ್ಲಿ ನಿಂತಿತು. ಅದರಲ್ಲಿ ಒಂದು ಭಾಗವನ್ನು ಟ್ವೀಡ್‌ಬ್ಯಾಂಕ್ ತನಕ ಮತ್ತೆ ತೆರೆಯಲು 2015 ಆಯಿತು. ಅಷ್ಟರಲ್ಲಿ ಹಳೇ ದಾರಿಗೆ ಅಡ್ಡಲಾಗಿ ಹೆದ್ದಾರಿಯೇ ಬಂದಿತ್ತು. ಅದನ್ನು ದಾಟಿಸಲು ಮತ್ತೆ ಕಾಮಗಾರಿ, ಮತ್ತೆ ಹಣ. ಮುಚ್ಚುವಾಗ ಉಳಿತಾಯ ಅಂದುಕೊಂಡ ಲೆಕ್ಕದಲ್ಲಿ ಈ ಖರ್ಚನ್ನು ಯಾರೂ ಸೇರಿಸಿರಲಿಲ್ಲ. ನನಗೆ ಬೇಜಾರಾಗುವುದು ಇಲ್ಲೇ.

ಧನುಷ್ಕೋಡಿಯ ವಿಷಯ ಬೇರೆ. 1964ರ ಡಿಸೆಂಬರ್ ಚಂಡಮಾರುತ ರೈಲನ್ನೂ ಜನರನ್ನೂ ಊರನ್ನೂ ಕೊಚ್ಚಿಕೊಂಡು ಹೋಯಿತು. ಹಳಿ ಮತ್ತೆ ಬರಲಿಲ್ಲ.

ನಮಗೆ ಹತ್ತಿರದ್ದು ನಂಜನಗೂಡು. ದೇವಸ್ಥಾನಕ್ಕೆ ಹೋದಾಗ ಕಪಿಲೆಯ ಮೇಲಿನ ಹಳೇ ಸೇತುವೆ ನೋಡಿದ್ದೀರಲ್ವಾ? ಕಟ್ಟಿದ್ದು 1735ರಲ್ಲಿ, ರೈಲು ಎಂಬುದೇ ಇಲ್ಲದ ಕಾಲದಲ್ಲಿ. ಸಾಲು ಕಲ್ಲುಕಮಾನುಗಳು. ಮುಂದೆ ಅದೇ ಸೇತುವೆಯ ಮೇಲೆ ಒಂದು ಮಗ್ಗುಲಲ್ಲಿ ರಸ್ತೆ, ಇನ್ನೊಂದು ಮಗ್ಗುಲಲ್ಲಿ ಮೀಟರ್ ಗೇಜ್ ಹಳಿ ಬಂತು. ಬ್ರಾಡ್ ಗೇಜ್‌ಗೆ ಹೊಸ ಸೇತುವೆ ಆದ ಮೇಲೆ ಇದಕ್ಕೆ ರೈಲಿನ ಕೆಲಸ ತಪ್ಪಿತು. ಇಂಥ ಕಲ್ಲಿನ ಸಂದಿಯಲ್ಲಿ ಅರಳಿ ಸಸಿ ಚಿಗುರಿದಾಗಲೇ ಕಿತ್ತರೆ ಕೈಯಲ್ಲೇ ಬರುತ್ತದೆ. ಬೇರು ಬಲಿಯಲು ಬಿಟ್ಟರೆ ಕಮಾನೇ ಬಿರಿಯುತ್ತದೆ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ವರ್ಷಕ್ಕೊಮ್ಮೆ ನೋಡುವವರು ಬೇಕು.

ಕುಶಾಲನಗರಕ್ಕೆ ರೈಲು ತರುವ ಮಾತು ವರ್ಷಗಳಿಂದ ಇದೆ. ಬೇಕು ಅನ್ನುವವರೂ ಕಾಡಿಗೆ ಹೆದರುವವರೂ ಈ ಸಭೆಯಲ್ಲೇ ಇದ್ದೀರಿ. ಅದನ್ನು ಇನ್ನೊಂದು ದಿನ ಮಾತಾಡೋಣ. ಇವತ್ತು ಕೇಳುವುದು ಇಷ್ಟೇ. 1996ಕ್ಕೆ ಮೊದಲು ಆ ಘಾಟಿಯಲ್ಲಿ ಪ್ರಯಾಣ ಮಾಡಿದವರು ಇದ್ದರೆ ಸಭೆ ಮುಗಿದ ಮೇಲೆ ಸ್ವಲ್ಪ ನಿಲ್ಲಿ. ಮನೆಯ ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ಹಳೇ ಟಿಕೆಟ್ ಇದ್ದರೆ ಎಸೆಯಬೇಡಿ. ಹತ್ತಿದ ನಿಲ್ದಾಣ, ಇಳಿದ ನಿಲ್ದಾಣ, ದರ ಎಲ್ಲ ಅದರ ಮೇಲಿದೆ. ತಂದು ತೋರಿಸಿ, ಫೋಟೋ ತೆಗೆದು ವಾಪಸ್ ಕೊಡುತ್ತೇವೆ.